ಲಾರಿಯ ಪಹಣಿ ಯಾರ ಹೆಸರಿನಲ್ಲಿದೆ?

ನಮ್ಮ ಕ್ಯಾತ್ಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಡ್ರೈವರ್ ಇಲ್ಲದ ಬೀದಿ ಹುಡುಕುವುದು ಕಷ್ಟ. ಹೆದ್ದಾರಿ ಮನೆ ಬಾಗಿಲಲ್ಲೇ ಇದೆ. ಒಂದು ಕಡೆ ಬಟವಾಡಿಯ ಎಪಿಎಂಸಿ, ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆ, ವಸಂತನರಸಾಪುರದ ಕಾರ್ಖಾನೆಗಳು. ಇನ್ನೊಂದು ಕಡೆ ಬೆಂಗಳೂರು. ಎರಡು ಎಕರೆ ರಾಗಿ ಹೊಲ, ಅರ್ಧ ಎಕರೆ ತೆಂಗು ಇರುವ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರೆ ಒಬ್ಬ ಸ್ಟೇರಿಂಗ್ ಹಿಡಿಯುತ್ತಾನೆ. ಹೊಲ ಇಬ್ಬರನ್ನು ಸಾಕಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಐದಾರು ವರ್ಷ ಇನ್ನೊಬ್ಬರ ಗಾಡಿ ಓಡಿಸಿದ ಮೇಲೆ ಅವನಿಗೂ ಒಂದು ಸ್ವಂತ ಗಾಡಿ ಮಾಡಬೇಕು ಅನ್ನಿಸುತ್ತದೆ. ಅನ್ನಿಸಬೇಕು ಕೂಡ.

ಆ ಆಸೆಗೆ ಒಂದು ಸುಲಭದ ದಾರಿ ಇದೆ ಅಂತ ಹುಡುಗರು ಹೇಳುತ್ತಾರೆ. ಲಾರಿ ಮಾಲೀಕ ತನ್ನ ಹಳೇ ಗಾಡಿಯನ್ನು ಡ್ರೈವರ್‌ಗೆ ಬಿಡುತ್ತಾನೆ. ಡ್ರೈವರ್ ಮುಂಗಡವಾಗಿ ಒಂದೋ ಎರಡೋ ಲಕ್ಷ ಕೊಡಬೇಕು. ಆಮೇಲೆ ತಿಂಗಳಿಗೆ ಇಷ್ಟು ಅಂತ ಮೂರು ವರ್ಷವೋ ನಾಲ್ಕು ವರ್ಷವೋ ಕಟ್ಟಬೇಕು. ಡೀಸೆಲ್, ಟೈರ್, ರಿಪೇರಿ, ಇನ್ಶೂರೆನ್ಸ್ ಎಲ್ಲಾ ಡ್ರೈವರ್‌ದೇ. ಕಡೇ ಕಂತು ಮುಗಿದ ದಿನ ಗಾಡಿ ಅವನ ಹೆಸರಿಗೆ ಆಗುತ್ತದೆ. "ಕಂತು ಕಟ್ಕೊಂಡು ಹೋಗು, ಕಡೆಗೆ ಗಾಡಿ ನಿಂದೇ" ಅನ್ನುವ ಒಂದು ಮಾತಿನಲ್ಲಿ ಕರಾರು ಮುಗಿಯುತ್ತದೆ. ಹೆಚ್ಚೆಂದರೆ ಒಂದು ಛಾಪಾ ಕಾಗದ, ಇಬ್ಬರು ಸಾಕ್ಷಿ.

ಲಾರಿ ವಿಷಯ ಕೃಷಿ ಪತ್ರಿಕೆಯಲ್ಲಿ ಯಾಕೆ ಅಂತ ಕೇಳಬಹುದು. ಆ ಮುಂಗಡದ ಎರಡು ಲಕ್ಷ ಎಲ್ಲಿಂದ ಬರುತ್ತದೆ ನೋಡಿ. ತೆಂಗಿನ ತೋಟವನ್ನು ಭೋಗ್ಯಕ್ಕೆ ಬಿಟ್ಟು ಬರುತ್ತದೆ, ಅಡಿಕೆ ಚೇಣಿಯವನ ಹತ್ತಿರ ಮುಂಗಡ ತಂದು ಬರುತ್ತದೆ, ಮನೆಯವರ ಕೊರಳಿನ ಸರ ಸೊಸೈಟಿಯಲ್ಲಿ ಅಡವಾಗಿ ಬರುತ್ತದೆ. ಗಾಡಿ ಮುಳುಗಿದರೆ ಅದರ ಹಿಂದೆ ಹೊಲವೂ ಹೋಗುತ್ತದೆ. ಹಾಗಾಗಿ ಇದು ನಮ್ಮ ವಿಷಯವೇ.

ನನ್ನ ತಮ್ಮನ ಮಗ ಇಂಥದ್ದೇ ಒಂದು ಕರಾರಿನ ಸುದ್ದಿ ಹೊತ್ತು ಬಂದ. ಆರು ಚಕ್ರದ ಲಾರಿ, ಹತ್ತು ಟನ್ ಲೋಡಿನದು. ಪೇಟೆಯಲ್ಲಿ ಹನ್ನೆರಡು ಲಕ್ಷ ಬಾಳುತ್ತದೆ. ಮುಂಗಡ 2 ಲಕ್ಷ, ತಿಂಗಳಿಗೆ 38,000 ರೂ., 36 ತಿಂಗಳು. "ದೊಡ್ಡಪ್ಪ, ಬ್ಯಾಂಕಿನೋರು ಮೂರು ವರ್ಷದ ಇನ್‌ಕಂ ಟ್ಯಾಕ್ಸ್ ಕಾಗದ ಕೇಳ್ತಾರೆ, ನನ್ನ ಹತ್ರ ಎಲ್ಲೈತೆ? ಇವರು ಏನೂ ಕೇಳಲ್ಲ" ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸಂಬಳವನ್ನು ಕೈಗೆ ತಗೊಳ್ಳುವ ಡ್ರೈವರ್‌ಗೆ ಆದಾಯದ ದಾಖಲೆ ಎಲ್ಲಿಂದ ಬರಬೇಕು? ಈ ಕರಾರು ಹುಟ್ಟಿಕೊಂಡದ್ದೇ ಆ ಸಂದಿಯಲ್ಲಿ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. 38,000ದ ಹಾಗೆ 36 ತಿಂಗಳಿಗೆ 13,68,000. ಮುಂಗಡ ಸೇರಿದರೆ 15,68,000. ಇದೇ ಹತ್ತು ಲಕ್ಷವನ್ನು ಶೇಕಡಾ 15ರ ಇಳಿಕೆ ಬಡ್ಡಿಯಲ್ಲಿ ಸಾಲ ತಂದಿದ್ದರೆ ಕಂತು 34,665 ರೂ. ಆಗುತ್ತಿತ್ತು. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ವ್ಯತ್ಯಾಸ, ಮೂರು ವರ್ಷಕ್ಕೆ 1 ಲಕ್ಷ 20 ಸಾವಿರ. ಕಾಗದ ಪತ್ರ ಕೇಳದೆ ಗಾಡಿ ಕೊಡುವವನು ಅಷ್ಟು ಹೆಚ್ಚಿಗೆ ತಗೊಂಡರೆ ನಾನು ಅದನ್ನು ಸುಲಿಗೆ ಅನ್ನುವುದಿಲ್ಲ. ಊರಿನ ಕೈಬಡ್ಡಿ ಇದಕ್ಕಿಂತ ಮೇಲಿದೆ.

ಬಡ್ಡಿ ವಿಷಯ ಬಂದದ್ದಕ್ಕೆ ಒಂದು ಮಾತು. "ಬರೀ ಹತ್ತು ಪರ್ಸೆಂಟ್" ಅಂತ ಹೇಳುವವರು ಬಹಳ ಜನ. ಅದು ಫ್ಲಾಟ್ ಬಡ್ಡಿಯೋ ಇಳಿಕೆ ಬಡ್ಡಿಯೋ ಅಂತ ಕೇಳಬೇಕು. ಹತ್ತು ಲಕ್ಷಕ್ಕೆ ಫ್ಲಾಟ್ 10 ಅಂದರೆ ಮೂರು ವರ್ಷಕ್ಕೆ ಮೂರು ಲಕ್ಷ ಬಡ್ಡಿ, ತಿಂಗಳಿಗೆ 36,111 ಕಂತು. ಅಸಲು ತೀರುತ್ತಾ ಬಂದರೂ ಪೂರಾ ಹತ್ತು ಲಕ್ಷಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಇಳಿಕೆ ಲೆಕ್ಕಕ್ಕೆ ತಿರುಗಿಸಿದರೆ ಅದು ಹತ್ತಿರ ಹತ್ತಿರ 18 ಆಗುತ್ತದೆ. ಟ್ರ್ಯಾಕ್ಟರ್ ಸಾಲ ತಗೊಳ್ಳುವವರೂ ಇದನ್ನು ನೆನಪಿಡುವುದು ಒಳ್ಳೆಯದು.

ಕಷ್ಟ ಇರುವುದು ಓಡಿಸುವ ಖರ್ಚಿನಲ್ಲಿ. ತಿಂಗಳಿಗೆ 4,500 ಕಿಲೋಮೀಟರ್ ಓಡಿ, ಖಾಲಿ ಬರುವುದೂ ಸೇರಿ, 1,75,000 ಬಾಡಿಗೆ ಬರುತ್ತದೆ ಅಂತ ಹುಡುಗನೇ ಹೇಳಿದ. ಲೀಟರಿಗೆ ಐದು ಕಿಲೋಮೀಟರ್ ಅಂದರೆ 900 ಲೀಟರ್ ಡೀಸೆಲ್. ನಮ್ಮ ರಾಜ್ಯದಲ್ಲಿ 2025ರ ಏಪ್ರಿಲ್ 1ರಂದು ಮಾರಾಟ ತೆರಿಗೆ ಏರಿದಾಗ ಡೀಸೆಲ್ ಲೀಟರಿಗೆ ಎರಡು ರೂಪಾಯಿ ಹೆಚ್ಚಿ 91ಕ್ಕೆ ಮುಟ್ಟಿತು. ಆ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಆ ದರದಲ್ಲಿ 82,000 ಡೀಸೆಲ್‌ಗೆ ಹೋಯಿತು. ಟೋಲ್ 14,000. ನಮ್ಮ ಕ್ಯಾತ್ಸಂದ್ರದ ಟೋಲ್ ದಾಟದೆ ಯಾವ ಲಾರಿ ಬೆಂಗಳೂರಿಗೆ ಹೋಗುತ್ತದೆ? ಬ್ರೋಕರ್ ಕಮಿಷನ್, ಹಮಾಲಿ, ಮಾಮೂಲು ಸೇರಿ 12,000. ಟೈರ್ ಮತ್ತು ಸರ್ವೀಸಿಗೆ ತಿಂಗಳು ತಿಂಗಳು 15,000 ಎತ್ತಿಡಬೇಕು. ಎತ್ತಿಡದವನು ಒಂದೇ ಸಲ ಆರು ಟೈರ್ ಹಾಕಿಸುವಾಗ ಅಳುತ್ತಾನೆ. ಇನ್ಶೂರೆನ್ಸ್, ತೆರಿಗೆ, ಎಫ್‌ಸಿಗೆ ತಿಂಗಳ ಲೆಕ್ಕದಲ್ಲಿ 7,000. ಈ ಅಳತೆಯ ಗಾಡಿಗೆ, ಅಂದರೆ ಲೋಡೂ ಸೇರಿ 12ರಿಂದ 20 ಟನ್ ತೂಗುವುದಕ್ಕೆ, ಬರೀ ಥರ್ಡ್ ಪಾರ್ಟಿ ವಿಮೆಯ ಕಂತೇ 2022ರಲ್ಲಿ ವರ್ಷಕ್ಕೆ 35,313 ಅಂತ ನಿಗದಿಯಾಗಿತ್ತು. ಗಾಡಿಗೆ ಎಂಟು ವರ್ಷ ತುಂಬಿತೋ, ಎಫ್‌ಸಿ ವರ್ಷ ವರ್ಷ ಮಾಡಿಸಬೇಕು.

ಎಲ್ಲ ಕಳೆದರೆ ಉಳಿದದ್ದು 45,000. ಅದರಲ್ಲಿ 38,000 ಕಂತು. ಕೈಗೆ 7,000. "ಬೇರೆಯವರ ಗಾಡಿ ಓಡಿಸಿದರೆ ಇದರ ಮೂರರಷ್ಟು ಸಂಬಳ ಬರುತ್ತಲ್ಲಪ್ಪ" ಅಂದೆ. "ಮೂರು ವರ್ಷ ಕಷ್ಟಪಟ್ಟರೆ ಗಾಡಿ ನಂದಾಯ್ತದಲ್ಲ ದೊಡ್ಡಪ್ಪ" ಅಂದ. ಇದೂ ನ್ಯಾಯವೇ. ನಾವೂ ತೆಂಗಿನ ಸಸಿ ನೆಟ್ಟು ಏಳೆಂಟು ವರ್ಷ ಕಾಯುತ್ತೇವೆ. ಆದರೆ ಸಸಿ ನೆಟ್ಟ ನೆಲ ನಮ್ಮದಾಗಿರುತ್ತದೆ. ಅಲ್ಲಿಗೇ ನನ್ನ ತಕರಾರು ಬರುತ್ತದೆ.

ಆರ್‌ಸಿ ಅಂದರೆ ಲಾರಿಯ ಪಹಣಿ. ಈ ಕರಾರುಗಳಲ್ಲಿ ಮೂರು ವರ್ಷವೂ ಆರ್‌ಸಿ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಅದರ ಮೇಲೆ ಎಚ್‌ಪಿ ಅಂತ ಯಾವುದೋ ಫೈನಾನ್ಸ್ ಕಂಪನಿಯ ಹೆಸರೂ ಇರುತ್ತದೆ, ಯಾಕೆಂದರೆ ಮಾಲೀಕ ಆ ಗಾಡಿಯನ್ನು ಸಾಲದಲ್ಲೇ ತಂದಿರುತ್ತಾನೆ. ಡ್ರೈವರ್ ಕೊಟ್ಟ ಕಂತನ್ನು ಮಾಲೀಕ ಫೈನಾನ್ಸ್‌ಗೆ ಕಟ್ಟುತ್ತಾನೆ ಅನ್ನುವುದು ನಂಬಿಕೆ. ಕಟ್ಟದಿದ್ದರೆ? ಪಕ್ಕದೂರಿನ ಒಬ್ಬ ಹುಡುಗ ತಿಂಗಳಿಗೆ 30,000ದ ಹಾಗೆ 19 ಕಂತು ಚಾಚೂ ತಪ್ಪದೆ ಮಾಲೀಕನ ಕೈಗೆ ಕೊಟ್ಟ. ಅಲ್ಲಿಗೆ 5,70,000 ಆಯಿತು. ಮಾಲೀಕನಿಗೆ ಬೇರೆ ಕಡೆ ನಷ್ಟವಾಗಿ ಫೈನಾನ್ಸ್‌ಗೆ ಕಟ್ಟುವುದು ನಿಲ್ಲಿಸಿದ್ದ. ಒಂದು ರಾತ್ರಿ ಹೆದ್ದಾರಿಯಲ್ಲಿ ಗಾಡಿ ಸೀಜ್ ಆಯಿತು. ಫೈನಾನ್ಸ್‌ನವರ ಪುಸ್ತಕದಲ್ಲಿ ಈ ಹುಡುಗನ ಹೆಸರೇ ಇಲ್ಲ. ಅವರ ಪಾಲಿಗೆ ಅವನು ಸಂಬಳದ ಡ್ರೈವರ್. ಗೂಂಡಾಗಳನ್ನು ಕಳಿಸಿ ಗಾಡಿ ಕಿತ್ತುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟು 2007ರಲ್ಲೇ ಒಂದು ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆದರೆ ಕಾನೂನು ಪ್ರಕಾರ ನೋಟೀಸು ಕೊಟ್ಟೇ ಬಂದರೂ ಆ ನೋಟೀಸು ಹೋಗುವುದು ಸಾಲ ಪಡೆದವನಿಗೆ, ಓಡಿಸುವವನಿಗಲ್ಲ.

ನಮ್ಮ ಹಿರಿಯರು ಇದನ್ನು ಹೊಲದಲ್ಲಿ ಕಂಡವರು. ವಾರಕ್ಕೋ ಗುತ್ತಿಗೆಗೋ ತಲೆಮಾರುಗಟ್ಟಲೆ ಉತ್ತರೂ ಹೊಲ ಅವರದಾಗಿರಲಿಲ್ಲ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. 7ನೇ ನಂಬರಿನ ಫಾರಂ ಹಾಕಿ ನ್ಯಾಯಮಂಡಳಿ ಮುಂದೆ ನಿಂತಾಗ ಪಹಣಿಯ ಸಾಗುವಳಿ ಕಲಂನಲ್ಲಿ ಹೆಸರಿದ್ದವರ ಕೆಲಸ ಸಲೀಸಾಯಿತು. ಬಾಯಿ ಮಾತಿನ ಮೇಲೆ ಉತ್ತವರು ಒದ್ದಾಡಿದರು. ಹೊಲಕ್ಕಾದರೂ ಒಂದು 7ನೇ ಫಾರಂ ಬಂತು. ಲಾರಿಗೆ ಅಂಥದ್ದು ಬರುವ ಸೂಚನೆ ಎಲ್ಲೂ ಇಲ್ಲ. ಬಾಡಿಗೆ-ಖರೀದಿ ಕರಾರುಗಳಿಗೆ ಅಂತಲೇ 1972ರಲ್ಲಿ ದಿಲ್ಲಿಯಲ್ಲಿ ಒಂದು ಕಾಯಿದೆ ಪಾಸಾಗಿತ್ತು. ಅದು ಜಾರಿಗೇ ಬರಲಿಲ್ಲ, 2005ರಲ್ಲಿ ರದ್ದೂ ಆಯಿತು. ಕಂತು ಕಟ್ಟುವವನ ಪರವಾಗಿ ಬರೆದ ಕಾಯಿದೆಯೊಂದು ಮೂವತ್ತು ವರ್ಷಕ್ಕೂ ಮೇಲೆ ಪೆಟ್ಟಿಗೆಯಲ್ಲೇ ಕೂತು ಸತ್ತಿತು.

ಮಾಲೀಕರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಗುಬ್ಬಿ ಕಡೆ ಒಬ್ಬ ಹಿರಿಯರು, ಬಹಳ ವರ್ಷ ತಮ್ಮಲ್ಲಿ ದುಡಿದ ಡ್ರೈವರ್‌ಗೆ ಇಂಥದ್ದೇ ಮಾತಿನ ಮೇಲೆ ಲಾರಿ ಬಿಟ್ಟರು. ಕಂತು ತಡವಾದರೂ ಬೇಸರ ಮಾಡಲಿಲ್ಲ. ಟೈರ್‌ಗೆ ತಾವೇ ಕೈಗಡ ಕೊಟ್ಟರು. ಇನ್ನು ಐದು ಕಂತು ಉಳಿದಿದೆ ಅನ್ನುವಾಗ ಅವರು ತೀರಿಕೊಂಡರು. ಗಾಡಿ ಕಾನೂನು ಪ್ರಕಾರ ವಾರಸುದಾರರಿಗೆ ಹೋಗುತ್ತದೆ. ಮಕ್ಕಳು ಬೆಂಗಳೂರಿನವರು. "ಅಪ್ಪ ನಮಗೆ ಏನೂ ಹೇಳಿರಲಿಲ್ಲ" ಅಂದರು. ಅವರು ಹೇಳಿದ್ದು ನಿಜವೂ ಇರಬಹುದು. ಊರಿನ ನಾಲ್ಕು ಜನ ಸೇರಿ ಪಂಚಾಯ್ತಿ ಮಾಡಿ, ಡ್ರೈವರ್ ಮೇಲೆ ಇನ್ನೂ ಒಂದು ಲಕ್ಷ ಹಾಕಿ ಬಗೆಹರಿಸಿದರು. ಒಳ್ಳೆಯ ಮನುಷ್ಯನ ಕೈಯಲ್ಲೇ ಹೀಗಾಯಿತು.

ಮಾಲೀಕನಿಗೂ ಈ ಕರಾರು ಕ್ಷೇಮವಲ್ಲ ಅನ್ನುವುದನ್ನು ನಾವು ಎತ್ತಿ ಹೇಳಬೇಕು. ಚೌಕಾಸಿಯಲ್ಲಿ ಅದೇ ನಮಗೆ ಆಯುಧ. ಗಾಡಿ ಮಾರಿ ಕೈ ಬದಲಾದರೂ ಆರ್‌ಸಿ ಬದಲಾಗದಿದ್ದರೆ, ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಅಂತ ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಕೈ ದಾಟುತ್ತಾ ಹೋಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. "ಯಜಮಾನ್ರೇ, ನಾಳೆ ನಾನು ಎಲ್ಲೋ ಗುದ್ದಿದರೆ ಕೋರ್ಟು ನಿಮ್ಮನ್ನ ಕರೀತದೆ" ಅಂತ ಡ್ರೈವರ್ ಧೈರ್ಯವಾಗಿ ಹೇಳಬೇಕು. ಡ್ರೈವರ್‌ಗೆ ಆಗುವ ಪೆಟ್ಟು ಬೇರೆ ಥರದ್ದು. ಗಾಡಿಯೇ ಜಖಂ ಆದರೆ ವಿಮೆಯ ದುಡ್ಡು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವನಿಗೆ. ಮೂರು ವರ್ಷ ಪ್ರೀಮಿಯಂ ಕಟ್ಟಿದವನು ಗ್ಯಾರೇಜಿನ ಬಿಲ್ ಹಿಡಿದು ಮಾಲೀಕನ ಮನೆ ಬಾಗಿಲಲ್ಲಿ ನಿಲ್ಲಬೇಕು.

ಇನ್ನೊಂದು ಬಗೆಯ ಕರಾರು ಇದಕ್ಕಿಂತ ಬಿಗಿ. ಲಾರಿ ಬಿಟ್ಟವನೇ ಟ್ರಾನ್ಸ್‌ಪೋರ್ಟ್ ಆಫೀಸೂ ಇಟ್ಟಿರುತ್ತಾನೆ. ಲೋಡೂ ಅವನೇ ಕೊಡುವುದು, ಬಾಡಿಗೆ ದರವೂ ಅವನೇ ಹೇಳುವುದು, ಕಂತನ್ನು ಬಾಡಿಗೆಯಲ್ಲೇ ಮುರಿದುಕೊಳ್ಳುವುದು. ಬೇರೆಯವರ ಲೋಡ್ ಹೊಡೆಯುವ ಹಾಗಿಲ್ಲ. ಮಿಡಿಸೌತೆ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀಜ, ಔಷಧಿ ಕೊಟ್ಟವರೇ ಕಾಯಿ ಕೊಳ್ಳುವವರು, ಗ್ರೇಡ್ ಮಾಡುವವರೂ ಅವರೇ, ಕೊಟ್ಟ ಸಾಮಾನಿನ ದುಡ್ಡು ಮುರಿದು ಮಿಕ್ಕದ್ದು ನಮಗೆ. ಮಿಡಿಸೌತೆಯಲ್ಲಾದರೆ ಮೂರು ತಿಂಗಳಿಗೆ ಬಿಡಿಸಿಕೊಳ್ಳಬಹುದು, ಲಾರಿಯಲ್ಲಿ ಮೂರು ವರ್ಷ ಸಿಕ್ಕಿಕೊಂಡಂತೆ.

ಅಮೆರಿಕದಲ್ಲಿ ಟ್ರಕ್ ಕಂಪನಿಗಳು ಹೀಗೇ ಡ್ರೈವರುಗಳಿಗೆ ಗಾಡಿ ಬಿಡುತ್ತವೆ. ಅಲ್ಲಿ ಗೋಳು ಹೆಚ್ಚಾಗಿ, 2021ರ ಕಾನೂನಿನ ಪ್ರಕಾರ ಸರ್ಕಾರ ಒಂದು ಸಮಿತಿ ಕೂರಿಸಿತು. ಇಂಥ ಲೀಸ್-ಖರೀದಿ ಕರಾರುಗಳನ್ನು ನಿಷೇಧಿಸಿ ಅಂತಲೇ ಆ ಸಮಿತಿ 2025ರ ಜನವರಿಯಲ್ಲಿ ವರದಿ ಕೊಟ್ಟಿತು. ನಮ್ಮಲ್ಲಿ ನಿಷೇಧ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಷೇಧವಾದರೆ ಕಾಗದವಿಲ್ಲದ ಹುಡುಗರಿಗೆ ಇರುವ ಒಂದು ಬಾಗಿಲೂ ಮುಚ್ಚುತ್ತದೆ, ವ್ಯವಹಾರ ಇನ್ನೂ ಕತ್ತಲಿಗೆ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೋಟಾರು ವಾಹನ ಕಾಯಿದೆಯ 51ನೇ ಕಲಮಿನಲ್ಲಿ ದಾರಿ ಇದೆ. ನಿಜವಾದ ಬಾಡಿಗೆ-ಖರೀದಿಯಲ್ಲಿ ಆರ್‌ಸಿ ಕಂತು ಕಟ್ಟುವವನ ಹೆಸರಿಗೇ ಆಗುತ್ತದೆ. ದುಡ್ಡು ಬರಬೇಕಾದವನ ಹೆಸರು ಕೆಳಗೆ ಷರಾ ಆಗಿ ಕೂರುತ್ತದೆ. ಷರಾ ಇರುವವರೆಗೆ ಅವನ ಒಪ್ಪಿಗೆ ಇಲ್ಲದೆ ಗಾಡಿ ಮಾರುವ ಹಾಗಿಲ್ಲ, ಕಂತು ತಪ್ಪಿದರೆ ಅವನಿಗೆ ಹಕ್ಕಿದೆ. ಅಂದಮೇಲೆ ಮಾಲೀಕನಿಗೆ ಹೆದರಿಕೆ ಯಾಕೆ? "ಹೆಸರು ಕಡೇಲಿ ಮಾಡಿಕೊಡ್ತೀನಿ" ಅನ್ನುವವನನ್ನು "ಷರಾ ಹಾಕಿಸಿಕೊಂಡು ಈಗಲೇ ಮಾಡಿಕೊಡಿ" ಅಂತ ಕೇಳಬೇಕು. 29 ಮತ್ತು 30ನೇ ನಂಬರಿನ ಫಾರಂ ಹೆಸರು ಬದಲಾವಣೆಗೆ, 34 ಷರಾ ಹಾಕಲು, ಸಾಲ ತೀರಿದ ಮೇಲೆ 35 ಅದನ್ನು ತೆಗೆಯಲು. ಆರ್‌ಟಿಒ ಆಫೀಸಿಗೆ ಇದೇನೂ ಹೊಸದಲ್ಲ. ಗಾಡಿಯ ಮೇಲೆ ಹಳೇ ಸಾಲ ಇದ್ದರೆ ಫೈನಾನ್ಸ್‌ನವರ ಒಪ್ಪಿಗೆ ಬೇಕು. ಆಗ ಮೂರು ಜನವೂ ಕೂತು ಉಳಿದ ಸಾಲವನ್ನು ಹುಡುಗನ ಹೆಸರಿಗೆ ತಿರುಗಿಸಬೇಕು. ಆಗುವುದೇ ಇಲ್ಲ ಅಂದರೆ ಕಡೇ ಪಕ್ಷ ಕಂತು ಮಾಲೀಕನ ಕೈಗೆ ಬೇಡ, ನೇರ ಸಾಲದ ಖಾತೆಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಮುಂಗಡ ಕೊಡುವ ಮೊದಲು ಸಾಲದ ಖಾತೆಯ ಪೂರ್ತಿ ಲೆಕ್ಕ ಕೇಳಿ ನೋಡಿ. ಮೊಬೈಲಿನ ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್‌ಸಿ, ವಿಮೆ ಎಲ್ಲಿವರೆಗಿದೆ ಅಂತ ಗೊತ್ತಾಗುತ್ತದೆ. ಗಾಡಿಯ ವಯಸ್ಸೂ ನೋಡಬೇಕು. ಎರಡು ಆಕ್ಸಲ್‌ನ ಲಾರಿಗೆ ಹನ್ನೆರಡು ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ. ಒಂಬತ್ತು ವರ್ಷದ ಗಾಡಿಗೆ ಮೂರು ವರ್ಷ ಕಂತು ಕಟ್ಟಿ ನಿಮ್ಮ ಹೆಸರಿಗೆ ಆಗುವ ಹೊತ್ತಿಗೆ ಅದು ರಾಜ್ಯದ ಗಡಿ ದಾಟದ ಗಾಡಿಯಾಗಿರುತ್ತದೆ. ಕರಾರು ಅರ್ಧಕ್ಕೆ ನಿಂತರೆ ಕಟ್ಟಿದ ದುಡ್ಡಿನಲ್ಲಿ ಎಷ್ಟು ವಾಪಸು ಅನ್ನುವ ಸಾಲು ಛಾಪಾ ಕಾಗದದಲ್ಲಿ ಇದೆಯೋ ಓದಿ. ನಾನು ನೋಡಿದ ಎರಡು ಕಾಗದದಲ್ಲಿಯೂ ಇರಲಿಲ್ಲ.

ಹಳೇ ಲಾರಿಗೆ ಡ್ರೈವರುಗಳನ್ನೇ ನಂಬಿ ಸಾಲ ಕೊಡುವ ಫೈನಾನ್ಸ್‌ಗಳೂ ಇವೆ. ಶ್ರೀರಾಮ್‌ನವರು 1979ರಿಂದ ಆ ವ್ಯಾಪಾರದಲ್ಲೇ ಬೆಳೆದವರು. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಕಂತು ತಪ್ಪಿದರೆ ಅವರೂ ಬಿಡುವವರಲ್ಲ. ಆದರೂ ಆರ್‌ಸಿ ಮೊದಲ ದಿನವೇ ನಿಮ್ಮ ಹೆಸರಿಗೆ. ಎರಡು ಪಾಯಿಂಟ್ ಬಡ್ಡಿ ಹೆಚ್ಚಾದರೂ ನಾನು ಇದನ್ನೇ ಮೇಲೆ ಅನ್ನುತ್ತೇನೆ. ಸಣ್ಣ ಗಾಡಿಗೆ 2015ರಲ್ಲಿ ಬಂದ ಮುದ್ರಾ ಸಾಲವಿದೆ. ನಿಗಮಗಳಿಂದ ಸ್ವಾವಲಂಬಿ ಸಾರಥಿ ಸಹಾಯಧನ ಇದೆ, ಅರ್ಹತೆ ಇರುವವರು ಕಾಲಕಾಲಕ್ಕೆ ಅರ್ಜಿ ಕರೆಯುವುದನ್ನು ಗಮನಿಸುತ್ತಿರಬೇಕು.

ಹುಡುಗರ ಬಾಯಲ್ಲಿ ವಿಜಯ ಸಂಕೇಶ್ವರರ ಹೆಸರು ಬರುತ್ತಿರುತ್ತದೆ. 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದವರು, 2022ರಲ್ಲಿ ಸಿನಿಮಾ ಬೇರೆ ಬಂತು. ನಿಜ, ದೊಡ್ಡ ಸಾಹಸವೇ. ಆದರೆ ಅವರ ಹಿಂದೆ ಮನೆತನದ ಮುದ್ರಣ ವ್ಯವಹಾರ ಇತ್ತು. ಎರಡು ತಿಂಗಳು ಲೋಡ್ ಇಲ್ಲದಿದ್ದರೆ ತಡೆದುಕೊಳ್ಳುವ ಬೆನ್ನು ಇತ್ತು. ನಮ್ಮ ಹುಡುಗರ ಹಿಂದೆ ಇರುವುದು ಮಳೆ ನೋಡಿಕೊಂಡು ಬದುಕುವ ಎರಡು ಎಕರೆ.

ತಮ್ಮನ ಮಗ ಆರು ಚಕ್ರದ ಲಾರಿಯವರ ಹತ್ತಿರ ಹೋಗಿ "ಆರ್‌ಸಿ ಈಗಲೇ ಮಾಡಿಕೊಡಿ, ನಿಮ್ಮ ಹೆಸರು ಷರಾ ಇರಲಿ" ಅಂತ ಕೇಳಿದ. ಅವರು ಆಗಲ್ಲ ಅಂದರು, ಮಾತು ಅಲ್ಲಿಗೆ ನಿಂತಿತು. ಈಗ ಅವನು ಒಂದು ಹಳೇ ಟಾಟಾ ಏಸ್ ನೋಡುತ್ತಿದ್ದಾನೆ. ಕಂತು ಹತ್ತು ಸಾವಿರದೊಳಗೆ ಕೂರುತ್ತದಂತೆ. ಅಂತರಸನಹಳ್ಳಿಗೆ ತರಕಾರಿ, ತಿಪಟೂರಿಗೆ ಕೊಬ್ಬರಿ ಹಾಕುವ ನಾವು ಏಳೆಂಟು ಮನೆಯವರು ಬಾಡಿಗೆ ಅವನಿಗೇ ಕೊಡುತ್ತೇವೆ ಅಂತ ಹೇಳಿದ್ದೇವೆ. ನಿಮ್ಮ ಊರಿನಲ್ಲಿ ಇಂಥ ಕರಾರು ಕಡೇ ಕಂತಿನವರೆಗೂ ನಡೆದು ಆರ್‌ಸಿ ಡ್ರೈವರ್ ಕೈಗೆ ಬಂದಿದ್ದರೆ ಹೇಗೆ ಬಂತು, ಯಾವ ಕಾಗದ ಬರೆಸಿದ್ದರು ಅಂತ ಪತ್ರಿಕೆಗೆ ಬರೆಯಿರಿ. ಅವನಿಗೂ ಓದಿ ಹೇಳುತ್ತೇನೆ.